ತೋಟಿಗನ ಮುಪ್ಪು ಮತ್ತು ತೋಟದ ಮುಂದಿನ ದಾರಿ

(ಭಾಷಣದ ಬರಹರೂಪ)



ಸರ್ಕಾರಿ ನೌಕರನಿಗೆ ಅರವತ್ತು ತುಂಬಿದ ತಿಂಗಳ ಕೊನೆಯ ದಿನ ಒಂದು ಹಾರ, ಒಂದು ಶಾಲು, ಒಂದು ಹಣ್ಣಿನ ಬುಟ್ಟಿ ದೊರೆಯುತ್ತವೆ. ಮರುದಿನದಿಂದ ಆತ ನಿವೃತ್ತ. ಅಡಿಕೆ ತೋಟದ ಯಜಮಾನನಿಗೆ ಅಂಥ ದಿನವೆಂಬುದಿಲ್ಲ. ಒಂದು ಮಳೆಗಾಲದಲ್ಲಿ ಆತ ತೋಟದ ಕೆಳಗಿನ ಭರಣಕ್ಕೆ ಇಳಿಯುವುದನ್ನು ಬಿಡುತ್ತಾನೆ. ಮುಂದಿನ ವರ್ಷ ಕೊನೆ ಕೊಯ್ಲಿಗೆ ಸ್ವತಃ ನಿಲ್ಲುವುದನ್ನು ಬಿಡುತ್ತಾನೆ. ಇನ್ನೆರಡು ವರ್ಷಕ್ಕೆ ಕೊಟ್ಟಿಗೆಯ ಕೊನೆಯ ದನವನ್ನು ಯಾರಿಗೋ ಒಪ್ಪಿಸುತ್ತಾನೆ. ಹೀಗೆ ಕಂತು ಕಂತಾಗಿ ಬರುವ ನಿವೃತ್ತಿಯನ್ನು ಯಾರೂ ನಿವೃತ್ತಿಯೆಂದು ಕರೆಯುವುದಿಲ್ಲ. ಆದ್ದರಿಂದಲೇ ಅದಕ್ಕೆ ಯಾವ ಸಿದ್ಧತೆಯೂ ನಡೆಯುವುದಿಲ್ಲ.

2011ರ ಜನಗಣತಿಯ ಪ್ರಕಾರ ಕರ್ನಾಟಕದ ಜನಸಂಖ್ಯೆಯಲ್ಲಿ ಅರವತ್ತು ದಾಟಿದವರು ಶೇಕಡಾ 9.5ರಷ್ಟಿದ್ದರು. ಅದು ಇಡೀ ರಾಜ್ಯದ ಲೆಕ್ಕ. ಒಂದು ಗುಡ್ಡಕ್ಕೆ ಒಂದು ಮನೆಯಿರುವ ಮಲೆನಾಡಿನ ಹಳ್ಳಿಗಳಲ್ಲಿ ಯಾವುದಾದರೂ ಶ್ರಾದ್ಧದ ಅಥವಾ ಸತ್ಯನಾರಾಯಣ ಕಥೆಯ ಊಟದ ಪಂಕ್ತಿಯನ್ನು ನೋಡಿದರೆ ಈ ಸಂಖ್ಯೆಯನ್ನು ನಂಬುವುದು ಕಷ್ಟ. ಅಲ್ಲಿ ಬಡಿಸುವವರಿಗೂ ಅರವತ್ತು, ಉಣ್ಣುವವರಿಗೂ ಅರವತ್ತು. ಮಕ್ಕಳು ಬೆಂಗಳೂರಿನಲ್ಲಿದ್ದಾರೆ, ಕೆಲವರು ಅದಕ್ಕಿಂತ ದೂರದಲ್ಲಿದ್ದಾರೆ. ಅವರನ್ನು ದೂರುವುದರಲ್ಲಿ ಅರ್ಥವಿಲ್ಲ. ಓದಿಸಿ ಕಳುಹಿಸಿದವರೇ ಅಡಿಕೆ ಮಾರಿದ ಹಣದಿಂದ ಕಳುಹಿಸಿದರು. ಇಲ್ಲಿ ಚರ್ಚಿಸಬೇಕಾದದ್ದು ಬೇರೆ: ಈ ಮುಪ್ಪನ್ನು ಮನೆಯಲ್ಲಿಯೇ, ತೋಟದ ನಡುವೆಯೇ, ಯಾರ ಹಂಗಿಗೂ ಬೀಳದೆ ಕಳೆಯಲು ಏನು ಬೇಕು? ಹಾಗೂ ಆ ಮುಪ್ಪು ಮುಗಿದಾಗ ತೋಟ, ಬೆಟ್ಟ, ಹಳ್ಳಗಳು ಯಾರ ಕೈಗೆ ಹೋಗುತ್ತವೆ? ಈ ಎರಡು ಪ್ರಶ್ನೆಗಳು ಬೇರೆ ಬೇರೆಯಾಗಿ ಕಂಡರೂ ಒಂದೇ ಪಹಣಿಯ ಎರಡು ಕಾಲಮುಗಳು.

ಮೊದಲು ದೇಹದ ಮಾತು. ದುಡಿದ ದೇಹಕ್ಕೆ ಕಾಯಿಲೆ ಬರುವುದಿಲ್ಲವೆಂಬ ನಂಬಿಕೆ ಕೃಷಿಕರಲ್ಲಿ ಇನ್ನೂ ಗಟ್ಟಿಯಾಗಿದೆ. 2017-18ರಲ್ಲಿ ದೇಶದಾದ್ಯಂತ ನಡೆದ ವೃದ್ಧಾಪ್ಯದ ದೊಡ್ಡ ಸಮೀಕ್ಷೆಯಲ್ಲಿ, ಅರವತ್ತು ದಾಟಿದ ಮೂವರಲ್ಲಿ ಸುಮಾರು ಒಬ್ಬರು ತಮಗೆ ರಕ್ತದೊತ್ತಡವಿದೆಯೆಂದು ವೈದ್ಯರು ಹೇಳಿದ್ದಾರೆ ಎಂದರು. ಒಮ್ಮೆಯೂ ಅಳತೆ ಮಾಡಿಸಿಕೊಳ್ಳದವರು ಈ ಲೆಕ್ಕದ ಹೊರಗೆ ಉಳಿದಿದ್ದಾರೆ. ರಕ್ತದೊತ್ತಡಕ್ಕೆ ನೋವಿಲ್ಲ, ತುರಿಕೆಯಿಲ್ಲ, ಜ್ವರವಿಲ್ಲ. ತೋಟದಲ್ಲಿ ಕೊಳೆರೋಗ ಕಾಣಿಸಿಕೊಂಡ ಮೇಲೆ ಬೋರ್ಡೋ ದ್ರಾವಣ ಹೊಡೆದರೆ ಪ್ರಯೋಜನ ಕಡಿಮೆಯೆಂದು, ಮಳೆ ಹಿಡಿಯುವ ಮೊದಲೇ ಹೊಡೆಯಬೇಕೆಂದು ಪ್ರತಿಯೊಬ್ಬ ಕೃಷಿಕನಿಗೂ ಗೊತ್ತು. ಅದೇ ಕೃಷಿಕ ತನ್ನ ಒತ್ತಡದ ಮಾತ್ರೆಯನ್ನು ತಲೆ ಸುತ್ತಿದ ದಿನ ಮಾತ್ರ ನುಂಗುತ್ತಾನೆ.

ಮಲೆನಾಡಿನ ಊಟದಲ್ಲಿ ಒಳ್ಳೆಯದು ಬಹಳವಿದೆ. ತಂಬುಳಿ, ಸೊಪ್ಪಿನ ಪಲ್ಯ, ಹಲಸಿನ ಬೀಜ, ಬಾಳೆದಿಂಡು ಇವೆಲ್ಲ ಪೇಟೆಯವರು ಈಗ ಹುಡುಕಿಕೊಂಡು ಬರುವ ಆಹಾರ. ಆದರೆ ಉಪ್ಪಿನ ವಿಷಯದಲ್ಲಿ ಈ ಅಡುಗೆ ಕೈ ಬಿಗಿಹಿಡಿದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಒಬ್ಬ ವಯಸ್ಕನಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ, ಅಂದರೆ ಒಂದು ಚಹಾ ಚಮಚದ ಒಳಗೆ ಉಪ್ಪು ಸಾಕೆಂದಿದೆ. ಅಪ್ಪೆಮಿಡಿಯನ್ನು ತಿಂಗಳುಗಟ್ಟಲೆ ಉಪ್ಪಿನಲ್ಲಿಯೇ ಹೂತಿಡುವ ಮನೆಯಲ್ಲಿ, ಹಪ್ಪಳ, ಸಂಡಿಗೆ, ಬಾಳಕದ ಮೆಣಸು ದಿನಕ್ಕೆ ಎರಡು ಹೊತ್ತು ಬೀಳುವಾಗ ಈ ಮಿತಿ ಮಧ್ಯಾಹ್ನದೊಳಗೆ ದಾಟುತ್ತದೆ. ಮಿಡಿಯನ್ನು ಬಿಡಬೇಕೆಂದು ಹೇಳಿದರೆ ಯಾರೂ ಕೇಳುವುದಿಲ್ಲ, ಕೇಳಬೇಕಾದ ಅಗತ್ಯವೂ ಇಲ್ಲ. ಒಂದು ಮಿಡಿಯನ್ನು ನಾಲ್ಕು ಹೊತ್ತಿಗೆ ಮಾಡುವುದು, ಮಜ್ಜಿಗೆಗೆ ಉಪ್ಪು ಹಾಕದಿರುವುದು ಸಾಧ್ಯವಾದ ಮಾತು. ಇನ್ನೊಂದು ಕೊರತೆ ಬೇಳೆಕಾಳಿನದು. ವಯಸ್ಸಾದಂತೆ ಹಲ್ಲು ಹೋಗುತ್ತದೆ, ಹಸಿವು ಇಳಿಯುತ್ತದೆ, ಒಬ್ಬರಿಗೋಸ್ಕರ ಏನು ಅಡುಗೆಯೆಂಬ ಬೇಸರ ಬರುತ್ತದೆ. ಅನ್ನ, ಮಜ್ಜಿಗೆ, ಉಪ್ಪಿನಕಾಯಿಯಲ್ಲಿ ದಿನ ಮುಗಿಯುತ್ತದೆ. ತೊಡೆಯ ಸ್ನಾಯು ಕರಗಲು ಅಷ್ಟು ಸಾಕು. ಸಸ್ಯಾಹಾರಿಗಳಲ್ಲಿ ಬಿ-12 ಜೀವಸತ್ವದ ಕೊರತೆ ಸಾಮಾನ್ಯ. ಸಕ್ಕರೆ ಕಾಯಿಲೆಗೆ ಮೆಟ್‌ಫಾರ್ಮಿನ್ ಮಾತ್ರೆಯನ್ನು ವರ್ಷಗಟ್ಟಲೆ ತೆಗೆದುಕೊಳ್ಳುವವರಲ್ಲಿ ಅದು ಇನ್ನೂ ಹೆಚ್ಚು. ಕಾಲು ಜುಮ್ಮೆನ್ನುವುದನ್ನು, ಮರೆವನ್ನು ವಯಸ್ಸಿನ ಲೆಕ್ಕಕ್ಕೆ ಬರೆಯುವ ಮೊದಲು ಒಂದು ರಕ್ತಪರೀಕ್ಷೆ ಮಾಡಿಸುವುದು ಒಳ್ಳೆಯದು.

ಈಗ ಅಡಿಕೆಯ ಸೀಮೆಯಲ್ಲಿ ನಿಂತು ಹೇಳಲು ಯಾರಿಗೂ ಮನಸ್ಸಾಗದ ಮಾತು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿ ಪ್ರಕಟಿಸಿದ ತನ್ನ ಗ್ರಂಥದಲ್ಲಿ ಅಡಿಕೆಯನ್ನು, ತಂಬಾಕಿಲ್ಲದ ಕವಳವನ್ನೂ ಸೇರಿಸಿ, ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ಮೊದಲ ಗುಂಪಿನಲ್ಲಿ ಇರಿಸಿತು. ಈ ತೀರ್ಮಾನದ ಮೇಲೆ ಬೆಳೆಗಾರರ ಸಂಘಟನೆಗಳ ಆಕ್ಷೇಪವಿದೆ, ಮರುಪರಿಶೀಲನೆಯ ಬೇಡಿಕೆಯಿದೆ. ಮಾರುಕಟ್ಟೆಯ ವಾದ ಅದರ ಪಾಡಿಗೆ ನಡೆಯಲಿ. ಬಾಯಿಯೊಳಗಿನ ವಿಚಾರ ಮಾರುಕಟ್ಟೆಗೆ ಕಾಯುವುದಿಲ್ಲ. ದಿನಕ್ಕೆ ಹತ್ತು ಕವಳ ಹಾಕುವ ಎಪ್ಪತ್ತರ ಹಿರಿಯರಿಗೆ ತಿಂಗಳಿಗೊಮ್ಮೆ ಕನ್ನಡಿಯ ಮುಂದೆ ನಿಂತು ನೋಡಿಕೊಳ್ಳುವುದನ್ನು ಕಲಿಸಬೇಕು. ಬಿಳಿಯ ಅಥವಾ ಕೆಂಪು ಮಚ್ಚೆ, ಎರಡು ಮೂರು ವಾರವಾದರೂ ಮಾಯದ ಹುಣ್ಣು, ತಮ್ಮ ಮೂರು ಬೆರಳನ್ನು ಒಂದರ ಮೇಲೊಂದಿಟ್ಟು ಬಾಯಿಗೆ ಹಾಕಲಾಗದಷ್ಟು ದವಡೆ ಬಿಗಿದಿರುವುದು, ಇವುಗಳಲ್ಲಿ ಯಾವುದಿದ್ದರೂ ವೈದ್ಯರಲ್ಲಿ ಹೋಗಬೇಕು. ತಂಬಾಕನ್ನಂತೂ ಸಂಚಿಯಿಂದ ಹೊರಗೆ ಹಾಕಲೇಬೇಕು. ತಮ್ಮ ತೋಟದ ಅಡಿಕೆಯೆಂಬ ಅಭಿಮಾನ ಬಾಯಿಯ ಹುಣ್ಣಿಗೆ ಔಷಧಿಯಾಗದು.

ಕಾಯಿಲೆಗಿಂತ ಹೆಚ್ಚು ಮಂದಿ ವೃದ್ಧರನ್ನು ಹಾಸಿಗೆಗೆ ಹಾಕುವುದು ಅಂಗಳದ ಪಾಚಿ ಎಂದು ಹೇಳಿದರೆ ಅತಿಶಯವೆನಿಸೀತು, ಆದರೆ ಆಷಾಢದಲ್ಲಿ ಯಾವ ಮಲೆನಾಡಿನ ಮನೆಗೆ ಹೋದರೂ ಈ ಭಯ ಅರ್ಥವಾಗುತ್ತದೆ. ಹಳೆಯ ಮನೆಗಳ ಬಚ್ಚಲು ಹೊರಗಿದೆ. ಜಗಲಿಯಿಂದ ಅಂಗಳಕ್ಕೆ ಎರಡು ಮೆಟ್ಟಿಲು, ಅಂಗಳದಿಂದ ಬಚ್ಚಲಿಗೆ ಇನ್ನೆರಡು, ನಡುವೆ ಕರೆಂಟಿಲ್ಲದ ರಾತ್ರಿ. ಎಪ್ಪತ್ತೈದರಲ್ಲಿ ಸೊಂಟದ ಮೂಳೆ ಮುರಿದವರಲ್ಲಿ ಬಹಳ ಮಂದಿ ಮತ್ತೆ ಮೊದಲಿನಂತೆ ನಡೆಯಲಾರರು. ಇದಕ್ಕೆ ಪರಿಹಾರ ಆಸ್ಪತ್ರೆಯಲ್ಲಿಲ್ಲ. ಮಳೆಗಾಲಕ್ಕೆ ಮೊದಲು ಓಡಾಡುವ ದಾರಿಗೆ ಅಡಿಕೆ ದಬ್ಬೆ ಹಾಸುವುದು ಅಜ್ಜಂದಿರ ಕಾಲದ ಕ್ರಮ. ಅದನ್ನು ಬಿಟ್ಟವರು ಮತ್ತೆ ಹಿಡಿಯಬೇಕು. ಮೆಟ್ಟಿಲ ಬದಿಗೆ ಒಂದು ಹಿಡಿಗಂಬ, ಮಲಗುವ ಕೋಣೆಯ ಸಮೀಪ ಒಂದು ಶೌಚಾಲಯ, ಹಾಸಿಗೆಯ ಪಕ್ಕ ಕೈಗೆ ಸಿಗುವ ಬ್ಯಾಟರಿ. ಹೊಸ ಮನೆ ಕಟ್ಟುವವರು ನುಣುಪಾದ ಟೈಲ್ಸ್ ಹಾಕಿಸುವುದನ್ನು ಏಕೆ ಅಷ್ಟು ಇಷ್ಟಪಡುತ್ತಾರೋ ತಿಳಿಯದು. ಸೆಗಣಿ ಸಾರಿಸಿದ ನೆಲದಲ್ಲಿ ಜಾರಿಬಿದ್ದವರು ಕಡಿಮೆ. 65 ದಾಟಿದವರಿಗೆ ವಾರಕ್ಕೆ 150 ನಿಮಿಷ ನಡಿಗೆಯ ಜೊತೆಗೆ ವಾರಕ್ಕೆ ಮೂರು ದಿನವಾದರೂ ಸಮತೋಲನದ ವ್ಯಾಯಾಮ ಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ 2020ರಲ್ಲಿ ಹೇಳಿತು. ಕಾಲುಸಂಕ ದಾಟಿ ತೋಟಕ್ಕೆ ಹೋಗಿ ಬರುತ್ತಿದ್ದಾಗ ಈ ವ್ಯಾಯಾಮ ತಾನಾಗಿ ಆಗುತ್ತಿತ್ತು. ತೋಟವನ್ನು ಪೂರ್ಣ ಬಿಟ್ಟು ಟಿ.ವಿ.ಯ ಮುಂದೆ ಕುಳಿತ ವರ್ಷವೇ ಬಹಳ ಜನರ ಕಾಲು ಸೋಲುತ್ತದೆ. ಭಾರ ಹೊರುವುದನ್ನು, ಮರ ಹತ್ತುವುದನ್ನು ಬಿಡಬೇಕು, ನಿಜ. ತೋಟಕ್ಕೆ ಹೋಗುವುದನ್ನು ಬಿಡಬಾರದು.

ಕಾಡಿನಂಚಿನವರಿಗೆ ಮಂಗನ ಕಾಯಿಲೆಯ ಎಚ್ಚರಿಕೆ ಬೇಕು. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಈ ಜ್ವರ ಸಾಮಾನ್ಯವಾಗಿ ಡಿಸೆಂಬರ್‌ನಿಂದ ಮೇ ತಿಂಗಳವರೆಗೆ, ದರಕು ಗುಡಿಸುವ ಕಾಲದಲ್ಲಿಯೇ ಬರುತ್ತದೆ. ಉಣುಗು ಕಚ್ಚದಂತೆ ಆರೋಗ್ಯ ಇಲಾಖೆ ಕೊಡುವ ತೈಲ ಹಚ್ಚಿಕೊಂಡು ಹೋಗುವುದು, ಬಂದ ಮೇಲೆ ಬಿಸಿನೀರಿನ ಸ್ನಾನ, ಜ್ವರ ಬಂದರೆ ಅಂಗಡಿಯ ಮಾತ್ರೆಗೆ ನಿಲ್ಲದೆ ಆಸ್ಪತ್ರೆ. ಎದೆನೋವಿಗೂ ಇದೇ ಮಾತು. ತಾಲೂಕು ಆಸ್ಪತ್ರೆಗಳಲ್ಲಿ ಇಸಿಜಿ ತೆಗೆದು, ಜಯದೇವ ಸಂಸ್ಥೆಯಂಥ ಕೇಂದ್ರದ ತಜ್ಞರ ಸಲಹೆ ಪಡೆದು, ರಕ್ತ ಹೆಪ್ಪು ಕರಗಿಸುವ ಚುಚ್ಚುಮದ್ದನ್ನು ಉಚಿತವಾಗಿ ಕೊಡುವ ವ್ಯವಸ್ಥೆಯನ್ನು ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಡಿ ರಾಜ್ಯ ಸರ್ಕಾರ ತಂದಿದೆ. ತಮ್ಮ ತಾಲೂಕಿನಲ್ಲಿ ಅದಿದೆಯೇ ಎಂದು ಎದೆ ನೋಯದ ದಿನವೇ ವಿಚಾರಿಸಿಟ್ಟುಕೊಳ್ಳಬೇಕು. ವಾಯುವೆಂದು ಜೀರಿಗೆ ಕಷಾಯ ಕುಡಿದು ಬೆಳಗಾಗಲು ಕಾಯುವ ರೂಢಿ ಬಹಳ ಮನೆಗಳನ್ನು ಬರಿದು ಮಾಡಿದೆ. 108ರ ವಾಹನ ಮನೆಯ ಅಂಗಳಕ್ಕೆ ಬಾರದ ಕಡೆ, ಮುಖ್ಯರಸ್ತೆಯವರೆಗೆ ರೋಗಿಯನ್ನು ಯಾರ ಜೀಪು ತಲುಪಿಸುವುದೆಂದು ಊರಿನವರು ಮೊದಲೇ ಮಾತಾಡಿಕೊಂಡಿರಬೇಕು. ಫೋನಿಗೆ ಸಂಕೇತ ಸಿಗುವ ಜಾಗ ಯಾವ ಗುಡ್ಡದಲ್ಲಿದೆಯೆಂಬುದು ಮನೆಯ ಎಲ್ಲರಿಗೂ ಗೊತ್ತಿರಬೇಕು.

ಚಿಕಿತ್ಸೆಯ ವೆಚ್ಚದ ಬಗ್ಗೆ ಒಂದು ತಪ್ಪು ತಿಳಿವಳಿಕೆ ಇದೆ. ಸರ್ಕಾರಿ ಕಾರ್ಡ್ ಇದ್ದರೆ ಐದು ಲಕ್ಷದವರೆಗೆ ಚಿಂತೆಯಿಲ್ಲವೆಂದು ಬಹಳ ಜನ ತಿಳಿದಿದ್ದಾರೆ. ಆಯುಷ್ಮಾನ್ ಭಾರತ್ - ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷದ ಸೌಲಭ್ಯ ಬಿಪಿಎಲ್ ಕುಟುಂಬಕ್ಕೆ. ಎಪಿಎಲ್ ಕಾರ್ಡಿನವರಿಗೆ ನಿಗದಿತ ಚಿಕಿತ್ಸಾ ದರದ ಶೇಕಡಾ 30ರಷ್ಟು, ಅದೂ ವರ್ಷಕ್ಕೆ 1.5 ಲಕ್ಷದ ಮಿತಿಯೊಳಗೆ. ತೋಟವುಳ್ಳ ಬಹಳಷ್ಟು ಮನೆಗಳದ್ದು ಎಪಿಎಲ್ ಕಾರ್ಡು. 2024ರ ಅಕ್ಟೋಬರ್ 29ರಂದು ಕೇಂದ್ರ ಸರ್ಕಾರ 70 ದಾಟಿದ ಎಲ್ಲರಿಗೂ ಆದಾಯ ನೋಡದೆ 5 ಲಕ್ಷದ ಸೌಲಭ್ಯವನ್ನು ಆರಂಭಿಸಿತು. ತಾವು ಹೋಗುವ ಆಸ್ಪತ್ರೆಯಲ್ಲಿ ಅದು ನಡೆಯುತ್ತದೆಯೇ ಎಂದು ಅಲ್ಲಿನ ಆರೋಗ್ಯಮಿತ್ರರನ್ನು ಕೇಳುವುದು ಕ್ಷೇಮ. ಸಹಕಾರ ಸಂಘದ ಸದಸ್ಯರಿಗೆ ಯಶಸ್ವಿನಿ ಇದೆ. 2003ರಲ್ಲಿ ಆರಂಭವಾಗಿ 2018ರಲ್ಲಿ ನಿಂತುಹೋಗಿದ್ದ ಅದು 2022ರ ಕೊನೆಯಲ್ಲಿ ಮರುಜೀವ ಪಡೆಯಿತು. ಕುಟುಂಬಕ್ಕೆ 5 ಲಕ್ಷದವರೆಗಿನ ಈ ಸೌಲಭ್ಯಕ್ಕೆ ವಂತಿಗೆ ಅತಿ ಕಡಿಮೆ, ಆದರೆ ನೋಂದಣಿಯ ಅವಧಿ ವರ್ಷದಲ್ಲಿ ಕೆಲವು ತಿಂಗಳು ಮಾತ್ರ. ಸಂಘದ ಕಾರ್ಯದರ್ಶಿ ಕರೆದು ಹೇಳುವರೆಂದು ಕಾಯಬಾರದು. ಖಾಸಗಿ ಆರೋಗ್ಯ ವಿಮೆಗೆ ಅರವತ್ತೈದರ ನಂತರ ಪ್ರವೇಶವಿಲ್ಲವೆಂಬ ಮಾತು 2024ರ ಏಪ್ರಿಲ್‌ನಿಂದ ಹಳೆಯದಾಗಿದೆ. 2025ರ ಸೆಪ್ಟೆಂಬರ್ 22ರಿಂದ ವೈಯಕ್ತಿಕ ಆರೋಗ್ಯ ವಿಮೆಯ ಕಂತಿನ ಮೇಲಿನ ಜಿಎಸ್‌ಟಿಯೂ ಹೋಗಿದೆ. ಆದರೂ ಎಪ್ಪತ್ತರಲ್ಲಿ ಹೊಸದಾಗಿ ಕೊಳ್ಳುವ ವಿಮೆಯ ಕಂತು ದುಬಾರಿ, ಇರುವ ಕಾಯಿಲೆಗೆ ಮೂರು ವರ್ಷದವರೆಗೆ ಕಾಯಬೇಕಾಗಬಹುದು. ಐವತ್ತರ ಒಳಗೆ ಇರುವವರು ಈ ವಾಕ್ಯವನ್ನು ಎರಡು ಸಲ ಓದಬೇಕು.

ಹಣದ ವಿಚಾರಕ್ಕೆ ಬಂದರೆ, ಅಡಿಕೆಯ ಮನೆಗಳಲ್ಲಿ ಹಣ ವರ್ಷಕ್ಕೊಮ್ಮೆ ಬರುತ್ತದೆ, ಖರ್ಚು ಪ್ರತಿದಿನ ಬರುತ್ತದೆ. ದರ ಏರಿದ ವರ್ಷ ಕಾರು, ಮನೆಯ ಮುಂದಿನ ಚಾವಣಿ, ಉಪನಯನ. ದರ ಇಳಿದ ವರ್ಷ ಮಂಡಿಯ ಮುಂಗಡ. ದುಡಿಯುವ ವಯಸ್ಸಿನಲ್ಲಿ ಈ ಏರಿಳಿತವನ್ನು ಹೇಗೋ ನುಂಗಬಹುದು. ತಿಂಗಳಿಗೆ ಮೂರು ಸಾವಿರ ಮಾತ್ರೆಗೇ ಬೇಕಾದ ವಯಸ್ಸಿನಲ್ಲಿ ಆಗದು. ಬೆಲೆಯೇರಿಕೆಯ ಲೆಕ್ಕವನ್ನೂ ನೋಡಬೇಕು. ಈಗ ತಿಂಗಳಿಗೆ 20,000 ರೂಪಾಯಿಯಲ್ಲಿ ಸಾಗುವ ಇಬ್ಬರ ಸಂಸಾರಕ್ಕೆ, ಬೆಲೆಗಳು ವರ್ಷಕ್ಕೆ ಶೇಕಡಾ 6ರಂತೆ ಏರಿದರೆ ಹನ್ನೆರಡು ವರ್ಷದ ನಂತರ 40,000 ಬೇಕಾಗುತ್ತದೆ. ಅರವತ್ತೆರಡರ ಗಂಡ, ಐವತ್ತಾರರ ಹೆಂಡತಿ ಇರುವ ಮನೆಯಲ್ಲಿ ಈ ಲೆಕ್ಕ ಹಾಕಬೇಕಾದದ್ದು ಹೆಂಡತಿಯ ಆಯುಸ್ಸಿಗೆ. ಇಂಥ ಮನೆಗಳಲ್ಲಿ ಕೊನೆಯ ಹತ್ತು ಹದಿನೈದು ವರ್ಷ ಒಂಟಿಯಾಗಿ ಬಾಳುವವಳು ಬಹುಮಟ್ಟಿಗೆ ಅವಳೇ.

ಸರ್ಕಾರದಿಂದ ಬರುವುದು ಎಷ್ಟು? ಕಿಸಾನ್ ಸಮ್ಮಾನ್ ಯೋಜನೆಯಿಂದ ವರ್ಷಕ್ಕೆ ಮೂರು ಕಂತಿನಲ್ಲಿ 6,000 ರೂಪಾಯಿ. 65 ದಾಟಿದ ಸಣ್ಣ, ಅತಿ ಸಣ್ಣ ರೈತರಿಗೆ ಹಾಗೂ ಕೂಲಿಕಾರರಿಗೆ ಆದಾಯದ ಮಿತಿಯೊಳಗೆ ಸಂಧ್ಯಾ ಸುರಕ್ಷಾ ಮಾಸಾಶನ. 2007ರಲ್ಲಿ ಆರಂಭವಾದ ಇದು 2021ರಲ್ಲಿ ತಿಂಗಳಿಗೆ 1,200 ರೂಪಾಯಿಗೆ ಏರಿತು. ಕೂಲಿ ಮಾಡಿದ ಕೈಗಳಿಗೆ ಇದು ದೊಡ್ಡ ಮೊತ್ತ, ಬದುಕಿಗೆ ಸಾಲದ ಮೊತ್ತ. ಕೊನೆಗೌಡನ ಮುಪ್ಪಿನ ಬಗ್ಗೆ ತೋಟದ ಒಡೆಯರು ಯೋಚಿಸಿದ್ದು ಕಡಿಮೆಯೇ. ನಲವತ್ತು ವರ್ಷ ಮರ ಹತ್ತಿದವನ ಮಂಡಿಗೆ ಯಾವ ಮಂಡಿಯೂ ಮುಂಗಡ ಕೊಡುವುದಿಲ್ಲ. ಆತನಿಗೆ ಮಾಸಾಶನದ ಅರ್ಜಿ ಬರೆದುಕೊಡುವುದು, ಆಧಾರ್‌ನಲ್ಲಿ ವಯಸ್ಸು ತಪ್ಪಿದ್ದರೆ ಸರಿಪಡಿಸಲು ಜೊತೆಗೆ ಹೋಗುವುದು ಊರಿನ ಹೊಣೆ.

ವಿದ್ಯಾರ್ಥಿಗಳು ಗಮನಿಸಬೇಕಾದ ಎರಡು ಯೋಜನೆಗಳಿವೆ. 2015ರ ಅಟಲ್ ಪಿಂಚಣಿ ಯೋಜನೆ ಹಾಗೂ 2019ರ ಕಿಸಾನ್ ಮಾನ್‌ಧನ್ ಯೋಜನೆ, ಎರಡಕ್ಕೂ ಸೇರುವ ವಯಸ್ಸು 18ರಿಂದ 40. ಎರಡನೆಯದು ಎರಡು ಹೆಕ್ಟೇರಿನವರೆಗೆ ಭೂಮಿಯಿರುವವರಿಗೆ. ವಯಸ್ಸಿಗೆ ತಕ್ಕಂತೆ ತಿಂಗಳಿಗೆ 55ರಿಂದ 200 ರೂಪಾಯಿ ಕಟ್ಟಿದರೆ ಅಷ್ಟನ್ನೇ ಕೇಂದ್ರ ಸರ್ಕಾರ ಸೇರಿಸುತ್ತದೆ, ಅರವತ್ತರ ನಂತರ ತಿಂಗಳಿಗೆ 3,000 ಬರುತ್ತದೆ. ಇಂದಿನ ಮೂರು ಸಾವಿರ ನಲವತ್ತು ವರ್ಷದ ನಂತರ ಏನಾಗಿರುತ್ತದೆಂದು ಮೇಲಿನ ಲೆಕ್ಕ ತಿಳಿದವರು ಊಹಿಸಬಲ್ಲರು. ಆದರೂ ಇಲ್ಲದ್ದಕ್ಕಿಂತ ಉತ್ತಮ.

ಕೈಯಲ್ಲಿ ಸ್ವಲ್ಪ ಉಳಿತಾಯವಿದ್ದವರು ಅದನ್ನು ಎಲ್ಲಿಡುತ್ತಾರೆ? ಮಲೆನಾಡಿನಲ್ಲಿ ಉತ್ತರ ಒಂದೇ: ಊರಿನ ಸಹಕಾರ ಸಂಘದಲ್ಲಿ. ಸಹಕಾರ ಚಳವಳಿ ಈ ಪ್ರದೇಶಕ್ಕೆ ಮಾಡಿದ ಉಪಕಾರ ದೊಡ್ಡದು. 1923ರಷ್ಟು ಹಿಂದೆಯೇ ಶಿರಸಿಯ ಬೆಳೆಗಾರರು ಒಟ್ಟುಗೂಡಿ ಸಂಘ ಕಟ್ಟಿದ್ದರು. ಆದರೆ ಒಂದು ಸಂಗತಿಯನ್ನು ಠೇವಣಿದಾರರು ತಿಳಿದಿರಬೇಕು. ಬ್ಯಾಂಕಿನಲ್ಲಿಟ್ಟ ಠೇವಣಿಗೆ, ಸಹಕಾರಿ ಬ್ಯಾಂಕುಗಳೂ ಸೇರಿ, 2020ರ ಫೆಬ್ರವರಿಯಿಂದ ಒಬ್ಬರಿಗೆ ಒಂದು ಬ್ಯಾಂಕಿನಲ್ಲಿ 5 ಲಕ್ಷದವರೆಗೆ ಠೇವಣಿ ವಿಮೆಯಿದೆ. ಪ್ರಾಥಮಿಕ ಕೃಷಿ ಪತ್ತಿನ ಸಂಘಗಳಿಗೆ, ಸೌಹಾರ್ದ ಸಹಕಾರಿಗಳಿಗೆ ಈ ವಿಮೆಯಿಲ್ಲ. ಅವು ಬ್ಯಾಂಕುಗಳಲ್ಲ. ಒಳ್ಳೆಯ ಸಂಘ ಒಳ್ಳೆಯದೇ, ಆದರೆ ಮುಪ್ಪಿನ ಪೂರ್ತಿ ಹಣವನ್ನು ಶೇಕಡಾ ಒಂದರಷ್ಟು ಹೆಚ್ಚು ಬಡ್ಡಿಗಾಗಿ ಒಂದೇ ಕಡೆ ಇಡುವುದು ಜಾಣತನವಲ್ಲ. ಅಂಚೆ ಕಚೇರಿಯ ಹಿರಿಯ ನಾಗರಿಕರ ಉಳಿತಾಯ ಯೋಜನೆಯಲ್ಲಿ 60 ದಾಟಿದವರು 2023ರ ಏಪ್ರಿಲ್‌ನಿಂದ 30 ಲಕ್ಷದವರೆಗೆ ಇಡಬಹುದು. ಆಗ ನಿಗದಿಯಾದ ಬಡ್ಡಿ ಶೇಕಡಾ 8.2. ಸರ್ಕಾರ ದರವನ್ನು ಮೂರು ತಿಂಗಳಿಗೊಮ್ಮೆ ಪ್ರಕಟಿಸುತ್ತದೆ, ಆದರೆ ಹಣ ಇಟ್ಟ ದಿನದ ದರ ಐದು ವರ್ಷ ಬದಲಾಗದು. ಆ ದರದಲ್ಲಿ ಹತ್ತು ಲಕ್ಷಕ್ಕೆ ಮೂರು ತಿಂಗಳಿಗೊಮ್ಮೆ 20,500 ರೂಪಾಯಿ ಖಾತೆಗೆ ಬರುತ್ತದೆ. ಕೃಷಿ ಆದಾಯಕ್ಕೆ ತೆರಿಗೆಯಿಲ್ಲವೆಂದು ಬಡ್ಡಿಗೂ ಇಲ್ಲವೆಂದು ತಿಳಿಯಬಾರದು. ಪೊಲೀಸರೆಂದು ಹೇಳಿಕೊಂಡು ವಿಡಿಯೋ ಕರೆಯಲ್ಲಿ ಬಂಧಿಸುತ್ತೇವೆಂದು ಹೆದರಿಸುವವರ ಬಗ್ಗೆ ಹೆಚ್ಚು ಹೇಳಬೇಕಿಲ್ಲ: ಫೋನಿನಲ್ಲಿ ಬಂಧಿಸುವ ಕಾನೂನು ಈ ದೇಶದಲ್ಲಿಲ್ಲ, ಹಣ ಹೋದರೆ ತಡಮಾಡದೆ 1930ಕ್ಕೆ ಕರೆ ಮಾಡಬೇಕು.

ಇಷ್ಟೆಲ್ಲ ಇದ್ದರೂ ಕೃಷಿಕನ ನಿಜವಾದ ಭವಿಷ್ಯನಿಧಿ ಆತನ ಭೂಮಿ. ಅದರ ಬಗ್ಗೆಯೇ ಅತಿ ಕಡಿಮೆ ಮಾತು ನಡೆಯುತ್ತದೆ. ಎಷ್ಟೋ ಪಹಣಿಗಳು ಇನ್ನೂ ತೀರಿಹೋದ ಅಜ್ಜನ ಹೆಸರಿನಲ್ಲಿವೆ. ಪೌತಿ ಖಾತೆಯಾಗದಿದ್ದರೆ ಬೆಳೆವಿಮೆಯೂ ಇಲ್ಲ, ಸಾಲವೂ ಇಲ್ಲ. ಹೆಣ್ಣುಮಕ್ಕಳ ಸಹಿಗೆ ಹೆದರಿ ಮುಂದೂಡುವವರಿದ್ದಾರೆ. ಪಿತ್ರಾರ್ಜಿತದಲ್ಲಿ ಮಗಳಿಗೆ ಮಗನಷ್ಟೇ ಹಕ್ಕೆಂದು 2005ರ ತಿದ್ದುಪಡಿ ಹೇಳಿತು, ತಂದೆ ಆಗ ಬದುಕಿರಲಿ ಬಿಡಲಿ ಹಕ್ಕು ಇದೆಯೆಂದು ಸರ್ವೋಚ್ಚ ನ್ಯಾಯಾಲಯ 2020ರಲ್ಲಿ ಸ್ಪಷ್ಟಪಡಿಸಿತು. ಮುಂದೂಡುವುದರಿಂದ ಹಕ್ಕು ಕರಗದು, ಜಗಳ ಮಾತ್ರ ಬೆಳೆಯುತ್ತದೆ.

ಇನ್ನು ಕೆಲವರು ಅವಸರದಲ್ಲಿ ಎಲ್ಲವನ್ನೂ ದಾನಪತ್ರ ಮಾಡಿ ಕೈ ತೊಳೆದುಕೊಳ್ಳುತ್ತಾರೆ. ನೋಂದಾಯಿತ ದಾನಪತ್ರವನ್ನು ಮನಸ್ಸು ಬದಲಾಯಿತೆಂದು ಹಿಂಪಡೆಯಲಾಗದು. ಮರಣಶಾಸನವನ್ನಾದರೆ ಬದುಕಿರುವವರೆಗೆ ಎಷ್ಟು ಸಲ ಬೇಕಾದರೂ ಬದಲಿಸಬಹುದು. ಇಬ್ಬರು ಸಾಕ್ಷಿಗಳ ಸಹಿ ಬೇಕು, ನೋಂದಣಿ ಕಡ್ಡಾಯವಲ್ಲ, ಆದರೆ ಮಾಡಿಸುವುದು ಒಳಿತು. ದಾನಪತ್ರವನ್ನೇ ಮಾಡುವುದಾದರೆ 2007ರ ಪೋಷಕರ ಹಾಗೂ ಹಿರಿಯ ನಾಗರಿಕರ ಪಾಲನೆ ಕಾಯ್ದೆಯ 23ನೇ ಕಲಮನ್ನು ತಿಳಿದಿರಬೇಕು. ಪಾಲನೆ ಮಾಡಬೇಕೆಂಬ ಷರತ್ತಿನ ಮೇಲೆ ಆಸ್ತಿ ಕೊಟ್ಟು, ಪಡೆದವರು ಪಾಲನೆ ಮಾಡದಿದ್ದರೆ, ಉಪವಿಭಾಗಾಧಿಕಾರಿಗಳ ನ್ಯಾಯಮಂಡಳಿ ಆ ವರ್ಗಾವಣೆಯನ್ನು ಅನೂರ್ಜಿತಗೊಳಿಸಬಹುದು. ಷರತ್ತು ಇದ್ದಿರಲೇಬೇಕೆಂದು ಸರ್ವೋಚ್ಚ ನ್ಯಾಯಾಲಯ 2022ರಲ್ಲಿ ಹೇಳಿತು. ಕಾಯ್ದೆಯನ್ನು ಹಿರಿಯರ ಪರವಾಗಿ ಉದಾರವಾಗಿ ಓದಬೇಕೆಂದು 2025ರ ಜನವರಿಯಲ್ಲಿ ಹೇಳಿತು. ಹಳ್ಳಿಯ ಹಿರಿಯರು ಕೋರ್ಟುಗಳ ಉದಾರತೆಗೆ ಕಾಯಬೇಕಿಲ್ಲ. ಬರೆಯುವಾಗಲೇ ಷರತ್ತನ್ನು ಪತ್ರದಲ್ಲಿ ಸ್ಪಷ್ಟವಾಗಿ ಬರೆಸಿದರಾಯಿತು. ಮಗನ ಮೇಲೆ ಅಪನಂಬಿಕೆಯೇ ಎಂದು ಕೇಳುವವರಿದ್ದಾರೆ. ಮಂಡಿಯಲ್ಲಿ ಎಷ್ಟು ಪರಿಚಯವಿದ್ದರೂ ಚೀಟಿ ಬರೆಸಿಕೊಳ್ಳುವುದಿಲ್ಲವೇ? ಹೆಂಡತಿಯ ಹೆಸರು ಜಂಟಿ ಖಾತೆಯಲ್ಲಿ, ನಾಮನಿರ್ದೇಶನದಲ್ಲಿ, ಸಾಧ್ಯವಾದರೆ ಪಹಣಿಯಲ್ಲಿ ಇರಲೇಬೇಕು. ಬ್ಯಾಂಕಿನ ಮೆಟ್ಟಿಲು ಹತ್ತದ ಮಹಿಳೆ ಗಂಡ ಹೋದ ಹದಿನಾಲ್ಕನೇ ದಿನ ಅದನ್ನು ಕಲಿಯಬೇಕಾಗುವುದು ಕ್ರೂರ.

ತೋಟವನ್ನು ಈಗ ನೋಡಿಕೊಳ್ಳುವವರು ಯಾರು? ಎದುರಿಗೆ ಮೂರು ದಾರಿಗಳಿವೆ, ಮೂರರಲ್ಲೂ ಮುಳ್ಳಿದೆ. ಗೇಣಿಗೆ ಕೊಡುವಂತಿಲ್ಲ, 1974ರ ಭೂಸುಧಾರಣೆಯ ನಂತರ ಕೃಷಿಭೂಮಿಯ ಗೇಣಿ ರಾಜ್ಯದಲ್ಲಿ ನಿಷಿದ್ಧ. ಆದ್ದರಿಂದ ಮರದ ಮೇಲಿನ ಫಸಲನ್ನು ಚೇಣಿಗೆ ಕೊಡುತ್ತಾರೆ. ಕೊಯ್ಲು, ಸುಲಿತ, ಬೇಯಿಸುವ ಗೋಜು ತಪ್ಪುತ್ತದೆ, ಒಟ್ಟಿಗೆ ಹಣ ಬರುತ್ತದೆ. ಆದರೆ ಚೇಣಿಯವನ ಕಣ್ಣು ಕೊನೆಯ ಮೇಲೆ, ಮಣ್ಣಿನ ಮೇಲಲ್ಲ. ಬಸಿಗಾಲುವೆ ಹೂತುಹೋಗುತ್ತದೆ, ಗೊಬ್ಬರ ನಿಲ್ಲುತ್ತದೆ, ಆರೇಳು ವರ್ಷಕ್ಕೆ ತೋಟ ಬಿಳಿಚಿಕೊಳ್ಳುತ್ತದೆ. ಚೇಣಿ ಹಣದ ಒಂದು ಪಾಲನ್ನು ಬೇಸಿಗೆಯ ಕಾಲುವೆ ಕೆಲಸಕ್ಕೆ ಮೊದಲೇ ತೆಗೆದಿಟ್ಟರೆ ಇದು ತಪ್ಪೀತು. ದನವಿಲ್ಲದ ಮನೆಯವರು ಗೊಬ್ಬರವಿಲ್ಲವೆಂದು ಕೈಚೆಲ್ಲಬೇಕಾಗಿಲ್ಲ. ಒಂದು ಹೆಕ್ಟೇರ್ ಅಡಿಕೆ ತೋಟದಲ್ಲಿ ವರ್ಷಕ್ಕೆ ಸುಮಾರು 5ರಿಂದ 6 ಟನ್ ಸೋಗೆ, ಹಾಳೆ, ಸಿಪ್ಪೆ ಬೀಳುತ್ತದೆ. ಅದನ್ನು ಸುಡದೆ, ಹೊರಗೆ ಸಾಗಿಸದೆ ಬುಡಕ್ಕೆ ಹಾಕಿದರೆ ಸೊಪ್ಪು ಹೊರುವ ಆಳಿನ ಖರ್ಚು ಬಹಳ ಇಳಿಯುತ್ತದೆ. ಈಚಿನ ವರ್ಷಗಳಲ್ಲಿ ಬಂದ ಕಾರ್ಬನ್ ಫೈಬರ್ ದೋಟಿ ನೆಲದಿಂದಲೇ ಕೊಯ್ಲು, ಔಷಧಿ ಎರಡನ್ನೂ ಸಾಧ್ಯವಾಗಿಸಿದೆ. ಊರಿನ ನಾಲ್ವರು ಯುವಕರು ಒಂದು ದೋಟಿ ಕೊಂಡು ಹತ್ತು ವೃದ್ಧರ ತೋಟವನ್ನು ನೋಡಿಕೊಂಡರೆ ಎರಡು ತಲೆಮಾರಿಗೂ ಅನ್ನವಿದೆ.

ಮೂರನೆಯ ದಾರಿ ಮಾರಾಟ. 2020ರಲ್ಲಿ ಭೂಸುಧಾರಣಾ ಕಾಯ್ದೆಯ 79ಎ ಮತ್ತು 79ಬಿ ಕಲಮುಗಳು ಹೋದ ಮೇಲೆ ಕೃಷಿಕರಲ್ಲದವರೂ ಕೃಷಿಭೂಮಿ ಕೊಳ್ಳಬಹುದು. ಕೈಲಾಗದ ಎಪ್ಪತ್ತೆಂಟರ ದಂಪತಿಗಳ ಅಂಗಳಕ್ಕೆ ಈಗ ಕಾರುಗಳು ಬರುತ್ತಿವೆ. ಅವರು ಮಾರಿದರೆ ತಪ್ಪೆನ್ನುವ ಅಧಿಕಾರ ಯಾರಿಗೂ ಇಲ್ಲ. ಅವರ ಔಷಧಿಯ ಬಿಲ್ಲನ್ನು ಪರಿಸರ ಸಂಘಟನೆಗಳು ಕಟ್ಟುವುದಿಲ್ಲ. ಆದರೆ ಕೊಂಡವನು ಗುಡ್ಡ ಕಡಿದು ರೆಸಾರ್ಟಿಗೆ ದಾರಿ ಮಾಡುತ್ತಾನೆ. 2018ರ ಆಗಸ್ಟ್‌ನಲ್ಲಿ ಕೊಡಗಿನಲ್ಲಿ, 2024ರ ಜುಲೈ 30ರಂದು ವಯನಾಡಿನಲ್ಲಿ ಗುಡ್ಡಗಳು ಕುಸಿದ ಮೇಲೆ ಇಳಿಜಾರನ್ನು ಕೆದಕುವುದರ ಅರ್ಥವನ್ನು ವಿವರಿಸಬೇಕಿಲ್ಲ. ಕೆಳಗಿನ ಮನೆಯವರ ನೀರಿನ ಒರತೆಯೂ ಅದೇ ಗುಡ್ಡದಲ್ಲಿದೆ. ಸೊಪ್ಪಿನ ಬೆಟ್ಟದ ಗತಿ ಇನ್ನೂ ಸೂಕ್ಷ್ಮ. ಅದು ಮಾರುವ ಆಸ್ತಿಯಲ್ಲ, ತೋಟಕ್ಕೆ ಅಂಟಿದ ಸೌಲಭ್ಯ. ತೋಟದ ಒಡೆತನ ಬದಲಾದಂತೆ ಬೆಟ್ಟವನ್ನು ಕಾಯುವ ಕಣ್ಣೂ ಬದಲಾಗುತ್ತದೆ. ಮಾರಲೇಬೇಕಾದವರು ಮೊದಲು ಊರಿನವರನ್ನು, ಪಕ್ಕದ ತೋಟದವರನ್ನು ಕೇಳಲಿ, ಮನೆ ಹಾಗೂ ಸುತ್ತಲಿನ ಅರ್ಧ ಎಕರೆಯನ್ನು ಉಳಿಸಿಕೊಳ್ಳಲಿ. ಮನೆಯನ್ನೂ ಮಾರಿ ಪೇಟೆಯ ಮೂರನೆಯ ಮಹಡಿಗೆ ಹೋದ ಹಿರಿಯರಲ್ಲಿ ಒಂದು ವರ್ಷಕ್ಕೇ ಮಾತು ನಿಲ್ಲಿಸಿದವರಿದ್ದಾರೆ.

ಈಗ ನಲವತ್ತೈದರ ಆಸುಪಾಸಿನಲ್ಲಿ ಇರುವವರಿಗೆ ಇನ್ನೂ ಕಾಲವಿದೆ. ಕಾಳುಮೆಣಸಿನ ಬಳ್ಳಿ ಮೂರು ನಾಲ್ಕು ವರ್ಷಕ್ಕೆ ಫಸಲು ಕೊಡುತ್ತದೆ. ಬೀಜದಿಂದ ಬಂದ ಮುರುಗಲು, ಜಾಯಿಕಾಯಿ ಗಿಡಗಳಿಗೆ ಏಳೆಂಟು ವರ್ಷ ಬೇಕು, ಅವುಗಳಲ್ಲಿ ಅರ್ಧದಷ್ಟು ಗಂಡುಗಿಡಗಳಾಗಬಹುದು. ಆದ್ದರಿಂದ ಕಸಿ ಗಿಡವೇ ಲೇಸು. ತೋಟದ ಅಂಚಿನಲ್ಲಿ, ಬೆಟ್ಟದ ತೆರವಿನಲ್ಲಿ ಅಪ್ಪೆಮಿಡಿ, ಉಪ್ಪಾಗೆ, ಹಲಸು. ಇವಕ್ಕೆ ಕೊಳೆರೋಗದ ಔಷಧಿ ಬೇಡ, ಬೇಸಿಗೆಯ ನೀರು ಬೇಡ, ನೆಲಕ್ಕೆ ಬಿದ್ದ ಹಣ್ಣನ್ನು ಎಪ್ಪತ್ತರ ಅಜ್ಜಿಯೂ ಆಯ್ದು ಒಣಗಿಸಬಲ್ಲಳು. ಗದ್ದೆಯನ್ನು ಹೂತು ಹೊಸ ಅಡಿಕೆ ತೋಟ ಮಾಡಲು ನಿವೃತ್ತಿಯ ಗಂಟನ್ನೆಲ್ಲ ಸುರಿಯುವವರು, ಆ ಸಸಿ ಫಲ ಕೊಡುವಾಗ ತಮ್ಮ ವಯಸ್ಸೆಷ್ಟಾಗಿರುತ್ತದೆಂದು, ಎಲೆಚುಕ್ಕೆಯ ಔಷಧಿ ಹೊಡೆಯುವವರು ಯಾರೆಂದು ಒಮ್ಮೆ ಲೆಕ್ಕ ಹಾಕಲಿ.

ವಿದ್ಯಾರ್ಥಿಗಳಿಗೆ ಒಂದು ಕೆಲಸವಿದೆ. ಈ ರಜೆಯಲ್ಲಿ ಮನೆಯ ಹಿರಿಯರ ಜೊತೆ ಕುಳಿತು ಒಂದು ಪುಸ್ತಕ ಬರೆಯಬೇಕು: ಪಹಣಿ ಯಾರ ಹೆಸರಿನಲ್ಲಿದೆ, ಯಾವ ಸಂಘದಲ್ಲಿ ಎಷ್ಟು ಠೇವಣಿ, ನಾಮನಿರ್ದೇಶನ ಯಾರದು, ಯಾವ ಮಾತ್ರೆ ಯಾವ ಹೊತ್ತಿಗೆ, ಕೊನೆಯ ಸಲ ರಕ್ತದೊತ್ತಡ ಎಷ್ಟಿತ್ತು, ಯಾವ ಮರಕ್ಕೆ ಎಷ್ಟು ವರ್ಷ, ನೀರಿನ ಒರತೆ ಎಲ್ಲಿಂದ ಬರುತ್ತದೆ. ಅಜ್ಜಿಗೆ ಕಿವಿ ಕೇಳಿಸದಿದ್ದರೆ ಗಟ್ಟಿಯಾಗಿ ಕೇಳಿ ಬರೆಯಬೇಕು, ಮರುವಾರ ಆಕೆಯನ್ನು ಕಿವಿಯ ಪರೀಕ್ಷೆಗೂ ಕರೆದೊಯ್ಯಬೇಕು. ಕಿವುಡುತನವನ್ನು ಹಾಗೆಯೇ ಬಿಟ್ಟರೆ ಮರೆವಿನ ಕಾಯಿಲೆಯ ಸಾಧ್ಯತೆ ಹೆಚ್ಚುತ್ತದೆಂದು ವೈದ್ಯವಿಜ್ಞಾನ ಈಗ ಹೇಳುತ್ತಿದೆ. ಒಂದು ಪ್ರತಿ ಅಟ್ಟದ ಪೆಟ್ಟಿಗೆಯಲ್ಲಿರಲಿ, ಇನ್ನೊಂದು ದೂರದಲ್ಲಿರುವ ಮಕ್ಕಳಿಗೆ ಹೋಗಲಿ.